ಅಪ್ಪನ ಬೆರಳಿನ ಖ್ಯಾತಿ

ಮಾರ್ಚ್ ೩

ಅಪ್ಪನಿಗೆ ಮಗಳ ನಮಸ್ಕಾರಗಳು.

ಮೊಮ್ಮಗಳ ಭಾವಚಿತ್ರವನ್ನು ನೋಡಿ ನೀವು ಅವಳಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟ ಕಾಗದ ತಲುಪಿತು. ಅವಳು ಮಲಗುವುದು ನಿಜಕ್ಕೂ ಹಾಗೆಯೇ: ತಲೆ ದಪ್ಪಗೆ, ಕಾಲು ಒಳಕ್ಕೆ ಮಡಿಸಿಕೊಂಡು. ನಮ್ಮ ಅತ್ತೆಯವರು, “ಇದೆಂಥ ಹೆಸರಮ್ಮ, ಪೂರ್ತಿ ಕರೆಯೋಷ್ಟರಲ್ಲಿ ಮಗು ಅಂಬೆಗಾಲಿಟ್ಕೊಂಡು ಬೀದಿಗೆ ಹೋಗಿರುತ್ತೆ,” ಎಂದರು. ಆದರೂ ನಿನ್ನೆ ತೊಟ್ಟಿಲು ತೂಗುತ್ತ ಅದೇ ಹೆಸರಿನಿಂದ ಕರೆಯುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಒಂದು ವಿಷಯವನ್ನು ಕೇಳಬೇಕಾಗಿದೆ. ಹುಟ್ಟಿದ ಮೂರನೆಯ ವಾರದಿಂದ ಮಗುವಿನ ಎಡಗಣ್ಣಿನಲ್ಲಿ ನೀರು ತುಂಬಿಕೊಳ್ಳುತ್ತಿದೆ. ಅಳದಿದ್ದರೂ ಆ ಕೆನ್ನೆ ಒದ್ದೆ. ಬೆಳಗ್ಗೆ ಏಳುವಾಗ ಪಿಸುರು ಕಟ್ಟಿ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಿದ ಮೇಲೆಯೇ ಅವು ಬಿಡುವುದು. ಅಲ್ಲಿಯವರೆಗೆ, ತಡವಾಗಿ ಬಂದ ನೌಕರನನ್ನು ಮೇಲಧಿಕಾರಿ ನೋಡುವ ಹಾಗೆ, ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿರುತ್ತಾಳೆ.

ಮಕ್ಕಳ ವೈದ್ಯೆಗೆ ತೋರಿಸಿದೆವು. “ಕಣ್ಣೀರು ಕಣ್ಣಿಂದ ಮೂಗಿಗೆ ಇಳಿಯೋಕೆ ಒಂದು ಸಣ್ಣ ನಾಳ ಇರುತ್ತಮ್ಮ. ಕೆಲವು ಮಕ್ಕಳಿಗೆ ಅದರ ಕೆಳತುದೀಲಿ ಒಂದು ಪೊರೆ ಹಾಗೇ ಉಳ್ಕೊಂಡಿರುತ್ತೆ. ನೂರಕ್ಕೆ ತೊಂಬತ್ತು ಮಕ್ಕಳಿಗೆ ವರ್ಷದೊಳಗೆ ತಾನಾಗೇ ತೆರ್ಕೊಳ್ಳುತ್ತೆ. ದಿನಾ ಒತ್ತಿ ಸವರ್ತಾ ಇರಿ. ಆಗ್ಲಿಲ್ಲ ಅಂದ್ರೆ ವರ್ಷ ತುಂಬಿದ ಮೇಲೆ ಸಣ್ಣ ಸಲಾಕೆ ಹಾಕಿ ಬಿಡಿಸ್ತಾರೆ. ಐದು ನಿಮಿಷದ ಕೆಲಸ,” ಎಂದರು. ಸಲಾಕೆ ಎಂದ ಮೇಲೆ ಅವರು ಹೇಳಿದ ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಸವರುವ ಬಗೆಯನ್ನೂ ತೋರಿಸಿಕೊಟ್ಟರು. ಆದರೆ ಮಗು ಚೀರಿದ ರಭಸಕ್ಕೆ ನಾನೇ ಕಣ್ಣು ಮುಚ್ಚಿಕೊಂಡಿದ್ದೆ.

ನನಗೂ ಹೀಗೆಯೇ ಆಗಿತ್ತು, ನೀವು ಬೆರಳಿನಿಂದಲೇ ಅದನ್ನು ಬಿಡಿಸಿದಿರಿ ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದಿರಲ್ಲ? ಅದು ಹೇಗೆಂದು ದಯಮಾಡಿ ಬರೆಯಿರಿ. ನಿಮ್ಮ ಅಳಿಯಂದಿರ ಕೈಗೆ ಈ ಕೆಲಸ ಕೊಡಲು ನನಗೆ ಧೈರ್ಯವಿಲ್ಲ. ಬೇಕರಿಯಲ್ಲಿ ದಿನಕ್ಕೆ ನಲವತ್ತು ಕಿಲೋ ಹಿಟ್ಟು ನಾದುವ ಕೈ ಅದು.

ನಿಮ್ಮ ಮಗಳು


ಮಾರ್ಚ್ ೧೨

ಮಗಳೇ,

ಆಶೀರ್ವಾದಗಳು. ಹೆದರಬೇಡ. ನಿನ್ನದೂ ಎಡಗಣ್ಣೇ ಆಗಿತ್ತು.

ಆಗ ನಾನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಅಕ್ಕಿಕಾಳಿನಷ್ಟು ಸಣ್ಣ ಒತ್ತಕ್ಷರದ ಸೀಸದ ಮೊಳೆಯನ್ನು ಕಣ್ಣು ಮುಚ್ಚಿಕೊಂಡು ಗುರುತಿಸುವ ಬೆರಳು ನನ್ನದು. ಮೂರು ಬಾರಿ ಸಾಬೂನು ಹಚ್ಚಿ ಕೈತೊಳೆದು, ನಿನ್ನನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡು ಒತ್ತುತ್ತಿದ್ದೆ. ಎಂಟನೆಯ ತಿಂಗಳಿನ ಒಂದು ಬೆಳಗ್ಗೆ ಬೆರಳಿನ ಕೆಳಗೆ ‘ಟಕ್’ ಎಂದಿತು. ಅಷ್ಟೇ. ಮರುದಿನದಿಂದ ಕಣ್ಣು ಒಣಗಿತು. ನಿನ್ನ ತಾಯಿ ಅದನ್ನು ನೋಡಿ ದಂಗಾದಳು.

ಇಂಥ ಕೆಲಸದಲ್ಲಿ ಮಾತಿಗಿಂತ ನಕ್ಷೆ ಮೇಲು. ಪ್ರತ್ಯೇಕ ಚೀಟಿಯಲ್ಲಿ ಬರೆದು ಇದರೊಂದಿಗೆ ಇರಿಸಿದ್ದೇನೆ: ಕಣ್ಣಿನ ಮೂಲೆ, ಮೂಗಿನ ಪಕ್ಕದ ಗೆರೆ, ಒಂದು ಬಾಣ. ಬಾಣ ತೋರಿಸುವ ಕಡೆಗೆ ತೋರುಬೆರಳಿನಿಂದ ಒತ್ತಿ ಸವರು. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ನಾಲ್ಕು ಸಲ. ಉಗುರು ಬೆಳೆಸಬೇಡ.

ನೀನು ಚಿಕ್ಕಂದಿನಲ್ಲಿ ರಟ್ಟುಮಾಮ ಎಂದು ಕರೆಯುತ್ತಿದ್ದ ನಮ್ಮ ಪುಸ್ತಕ ಕಟ್ಟುವವನಿಗೆ ಸಂಗತಿ ತಿಳಿಸಿದೆ. “ಅಗೋ, ಹಳೇ ಬೆರಳಿಗೆ ಹೊಸ ಗಿರಾಕಿ ಸಿಕ್ತು,” ಎಂದು ನಕ್ಕ. ಅವನ ಮಾತಿಗೆ ತಲೆಯಿಲ್ಲ, ಬಾಲವಿಲ್ಲ.

ನಿನ್ನ ತಂದೆ


ಮೇ ೯

ಅಪ್ಪ,

ತಪ್ಪದೆ ಸವರುತ್ತಿದ್ದೇನೆ. ಪ್ರತಿ ಸಲವೂ ಎಣಿಸುತ್ತೇನೆ. ಅವಳಿಗೂ ಎಣಿಕೆ ಅಭ್ಯಾಸವಾಗಿದೆ. ಏಳರವರೆಗೆ ಸುಮ್ಮನಿದ್ದು ಎಂಟಕ್ಕೆ ಸರಿಯಾಗಿ ಒದೆಯುತ್ತಾಳೆ. ಕಣ್ಣು ಮಾತ್ರ ಹಾಗೆಯೇ ಇದೆ.

ಮೊನ್ನೆ ಅತ್ತೆಯವರ ಗೆಳತಿ ಬಂದಿದ್ದರು. “ಏನಮ್ಮ, ಕೂಸು ಯಾವಾಗ ನೋಡಿದ್ರೂ ಅಳ್ತಾನೇ ಇರುತ್ತಲ್ಲ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, “ಅಳ್ತಿಲ್ಲ ಕಣ್ರೀ, ಸೋರ್ತಿದೆ. ನಿಮ್ಮನೆ ನಲ್ಲಿ ಅಳುತ್ತಾ?” ಎಂದುಬಿಟ್ಟರು. ಆ ದಿನದಿಂದ ಅತ್ತೆಯವರ ಮೇಲೆ ನನಗಿದ್ದ ಸಣ್ಣಪುಟ್ಟ ಸಿಟ್ಟುಗಳೆಲ್ಲ ಮಾಯವಾದವು.

ಉಳಿದಂತೆ ನಾವು ಸುಖವಾಗಿದ್ದೇವೆ. ಬೆಳಗಿನ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಕೋಣೆಗೆ ಬರುವ ಹೊತ್ತಿಗೆ ಅವಳು ಎಚ್ಚರಗೊಂಡು ನಗುತ್ತಾಳೆ.

ರಜೆ ಪಡೆದು ನೀವೇ ಒಮ್ಮೆ ಬಂದು ಒತ್ತಿ ತೋರಿಸಬಾರದೇ? ಎರಡು ದಿನದ ರೈಲು ದೂರವೆಂದು ಬಲ್ಲೆ. ಅತ್ತೆಯವರೂ, “ಬೀಗರು ಬರ್ಲಿ, ಆ ಬೆರಳನ್ನ ನಾನೂ ಒಂದ್ಸಲ ನೋಡ್ತೀನಿ,” ಎನ್ನುತ್ತಿದ್ದಾರೆ.

ನಿಮ್ಮ ಮಗಳು


ಮೇ ೨೦

ಮಗಳೇ,

ನೀನು ಹೂವನ್ನು ಮುಟ್ಟುವಂತೆ ಮುಟ್ಟುತ್ತಿರಬೇಕು. ಸವರುವುದೆಂದರೆ ಮುದ್ದು ಮಾಡುವುದಲ್ಲ. ಒತ್ತುವಾಗ ನಿನ್ನ ಉಗುರಿನ ಬುಡ ಬೆಳ್ಳಗಾಗಬೇಕು. ಮೊದಲು ನಿನ್ನ ಮೂಗಿನ ಪಕ್ಕದಲ್ಲಿಯೇ ಒತ್ತಿಕೊಂಡು ನೋಡು.

ಬರುವ ಮನಸ್ಸೇನೋ ಇದೆ. ಆದರೆ ಶಾಲೆಗಳ ಪ್ರಶ್ನೆಪತ್ರಿಕೆಗಳ ಕೆಲಸ ಬಂದು ಕುಳಿತಿದೆ. ಕರಡು ತಿದ್ದಲು ನಾನಲ್ಲದೆ ಬೇರೆ ಯಾರೂ ಇಲ್ಲ. ಹೊಸದಾಗಿ ಸೇರಿದವನು ‘ಸರಿಯಾದ ಉತ್ತರವನ್ನು ಆರಿಸಿ’ ಎಂಬಲ್ಲಿ ‘ಹಾರಿಸಿ’ ಎಂದು ಜೋಡಿಸಿದ್ದ. ನಾನು ನೋಡದಿದ್ದರೆ ಮಕ್ಕಳು ಸಂತೋಷದಿಂದ ಹಾಗೆಯೇ ಮಾಡುತ್ತಿದ್ದರು.

ಎಂಟನೆಯ ತಿಂಗಳು ಬರಲಿ. ನಿನ್ನ ಬೆರಳೂ ನನ್ನ ಬೆರಳೇ.

ನಿನ್ನ ತಂದೆ


ಸೆಪ್ಟೆಂಬರ್ ೨

ಅಪ್ಪ,

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮೆಯಿರಲಿ. ಜುಲೈಯಲ್ಲಿ ಕಣ್ಣು ಕೆಂಪಾಗಿ ಕೀವು ಬಂದಿತು. ಏಳು ದಿನ ಔಷಧದ ಹನಿ ಹಾಕಿದೆವು. ಗುಣವಾಯಿತು, ಆದರೆ ನೀರು ನಿಲ್ಲಲಿಲ್ಲ. ನಿಮಗೆ ಹೇಗೆ ತಿಳಿಸುವುದೆಂದು ತೋಚಲಿಲ್ಲ.

ಎಂಟನೆಯ ತಿಂಗಳು ಮುಗಿಯುತ್ತ ಬಂದಿದೆ. ಎಂದೂ ‘ಟಕ್’ ಎನ್ನಲಿಲ್ಲ. ನೀವು ಹೇಳಿದ ಹಾಗೆ ಉಗುರು ಬೆಳ್ಳಗಾಗುವಂತೆ ಒತ್ತುತ್ತೇನೆ. ಮೂಗಿನ ಪಕ್ಕದಿಂದ ಆರಂಭಿಸಿ ಕಣ್ಣಿನ ಮೂಲೆಯವರೆಗೆ ಮೇಲಕ್ಕೆ, ಹತ್ತು ಬಾರಿ, ನಾಲ್ಕು ಸಲ. ಒಂದು ದಿನವೂ ಬಿಟ್ಟಿಲ್ಲ. ಗ್ರಂಥಾಲಯದ ಕೆಲಸಕ್ಕೆ ಮರಳಿದ ಮೇಲೂ ಮಧ್ಯಾಹ್ನ ಮನೆಗೆ ಓಡಿಬಂದು ಸವರಿ ಹೋಗುತ್ತೇನೆ. ನಿಮ್ಮ ಕೈಗುಣ ನನಗೆ ಬಂದಿಲ್ಲವೆಂದು ಕಾಣುತ್ತದೆ.

ನಿಮ್ಮ ಮಗಳು


ಸೆಪ್ಟೆಂಬರ್ ೮

ಮಗಳೇ,

ಮೇಲಕ್ಕೆ? ಮೇಲಕ್ಕೆ ಎಂದು ನಿನಗೆ ಹೇಳಿದವರು ಯಾರು?

ಕಾಗದವನ್ನು ಮೂರು ಬಾರಿ ಓದಿದ ಮೇಲೆ ನನಗೆ ಹೊಳೆಯಿತು. ನೀನು ಚೀಟಿಯನ್ನು ತಿರುಗಿಸಿ ನೋಡಿದ್ದೀಯೆ.

ಜೋಡಿಸಿದ ಮೊಳೆಗಳನ್ನು ನಾವು ತಲೆಕೆಳಗಾಗಿ ಓದುತ್ತೇವೆ. ಆ ರೂಢಿಯಿಂದ ನಾನು ಬರೆಯುವ ನಕ್ಷೆಗಳೂ ತಲೆಕೆಳಗಾಗಿಯೇ ಇರುತ್ತಿದ್ದವು. ನನ್ನ ಕೈಯಿಂದ ಚೀಟಿ ಬಂದರೆ ಮೊದಲು ಅದನ್ನು ತಿರುಗಿಸುವುದನ್ನು ನೀನು ಐದನೆಯ ವಯಸ್ಸಿನಲ್ಲಿಯೇ ಕಲಿತಿದ್ದೆ. ಈ ಸಲ ಅಳಿಯಂದಿರೂ ನೋಡುತ್ತಾರಲ್ಲ, ಬೇಕರಿಯವರಿಗೆ ನಮ್ಮ ರೂಢಿ ಹೇಗೆ ತಿಳಿಯಬೇಕೆಂದು ಎಂದೂ ಇಲ್ಲದ ಮುತುವರ್ಜಿಯಿಂದ ನೇರವಾಗಿ ಬರೆದೆ. ಹಾಗೆ ಬರೆದಿದ್ದೇನೆಂದು ತಿಳಿಸಲಿಲ್ಲ. ಬರೀ ಎರಡು ಗೆರೆ, ಒಂದು ಬಾಣ; ಹುಬ್ಬನ್ನಾದರೂ ಬರೆದಿದ್ದರೆ ಯಾವ ಕಡೆ ಮೇಲೆಂದು ನಿನಗೆ ಗೊತ್ತಾಗುತ್ತಿತ್ತು.

ಕೆಳಕ್ಕೆ, ಮಗಳೇ! ಕಣ್ಣಿನ ಮೂಲೆಯಿಂದ ಮೂಗಿನ ಹೊಳ್ಳೆಯ ಕಡೆಗೆ, ಕೆಳಕ್ಕೆ. ಇದನ್ನು ಓದಿದ ಕೂಡಲೇ ವೈದ್ಯೆಯನ್ನು ಕಂಡು, ಏನಾದರೂ ಕೇಡಾಗಿದೆಯೇ ಎಂದು ಕೇಳಿ ಬರೆ. ಉತ್ತರ ಬರುವವರೆಗೆ ನನಗೆ ಅನ್ನ ಸೇರುವುದಿಲ್ಲ.

ನಿನ್ನ ತಂದೆ


ಸೆಪ್ಟೆಂಬರ್ ೧೭

ಅಪ್ಪ,

ಮೊದಲು ಊಟ ಮಾಡಿ. ಕೇಡೇನೂ ಆಗಿಲ್ಲ.

ವೈದ್ಯೆಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. “ಆರು ತಿಂಗಳು ನಲ್ಲಿನ ಉಲ್ಟಾ ತಿರುಗಿಸಿದ್ದೀರಿ, ಪರವಾಗಿಲ್ಲ, ಮುರಿದಿಲ್ಲ. ಇನ್ಮೇಲೆ ಕೆಳಕ್ಕೆ,” ಎಂದರು. ನಿಮ್ಮ ಅಳಿಯಂದಿರು ಚೀಟಿಯನ್ನು ಹಿಡಿದುಕೊಂಡು, “ನಾನು ಮೊದಲ ದಿನಾನೇ ನೇರವಾಗಿ ನೋಡಿದ್ದೆ. ಅಪ್ಪ ಮಗಳ ಮಧ್ಯೆ ಬೇಕರಿಯವನ ಮಾತು ಯಾರು ಕೇಳ್ತಾರೆ?” ಎಂದರು.

ನಿಮಗೆ ವಿಚಿತ್ರವೆನಿಸಬಹುದು, ನನಗೆ ಈಗ ಎಷ್ಟು ಹಗುರವಾಗಿದೆಯೆಂದರೆ ಹೇಳತೀರದು. ಸೋತದ್ದು ನನ್ನ ಕೈಯಲ್ಲ, ದಿಕ್ಕು ತಪ್ಪಿತ್ತು. ನಿಜವಾದ ಎಣಿಕೆ ಈಗ ಆರಂಭವಾಗಿದೆ. ನಿಮಗೆ ಆದದ್ದು ನನಗೂ ಆಗಿಯೇ ಆಗುತ್ತದೆ. ಸಲಾಕೆಯ ಮಾತು ಇನ್ನು ಈ ಮನೆಯಲ್ಲಿ ಬೇಡವೆಂದು ಎಲ್ಲರಿಗೂ ಹೇಳಿದ್ದೇನೆ.

ನಿಮ್ಮ ಮಗಳು


ಡಿಸೆಂಬರ್ ೨೮

ಅಪ್ಪ,

ಅಲ್ಪವಿರಾಮ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ನಾಲ್ಕು ಹಲ್ಲುಗಳಿವೆ. ಬೇಕರಿಯ ಗಾಜಿನ ಪೆಟ್ಟಿಗೆಗೆ ಮುಖವೊತ್ತಿ ಗಿರಾಕಿಗಳನ್ನು ನಗಿಸುತ್ತಾಳೆ. ಗಾಜಿನ ಮೇಲೆ ದಿನವೂ ಒಂದೇ ಕಡೆ ಒದ್ದೆಯ ಗುರುತು. ಅದೊಂದನ್ನು ಬಿಟ್ಟರೆ ಬೇರೆ ಕೊರತೆಯಿಲ್ಲ.

ಕೆಳಕ್ಕೆ ಸವರತೊಡಗಿ ಮೂರು ತಿಂಗಳಾಯಿತು. ಇನ್ನೂ ಆಗಿಲ್ಲ. ಆದರೆ ಆಗುತ್ತದೆ. ಮೊನ್ನೆ ಬೆರಳಿನ ಕೆಳಗೆ ಏನೋ ಮಿಡುಕಿದಂತಾಯಿತು. ನಿಮಗೆ ‘ಟಕ್’ ಎನ್ನುವ ಮೊದಲು ಹಾಗೆ ಆಗಿತ್ತೇ? ನೆನಪಿಸಿಕೊಂಡು ಬರೆಯಿರಿ.

ನಿಮ್ಮ ಮಗಳು

ಮಾವ, ಇದನ್ನ ಅವಳು ನೋಡಬಾರದು. ಲಕೋಟೆ ಅಂಟಿಸೋ ಕೆಲಸ ನಂದು, ಅದಕ್ಕೇ ಕೆಳಗೆ ಬರೀತಿದ್ದೀನಿ. ಆಸ್ಪತ್ರೆಯ ಕಣ್ಣಿನ ಡಾಕ್ಟ್ರು ಸಲಾಕೆ ಹಾಕೋಕೆ ಡಿಸೆಂಬರ್ ಹನ್ನೆರಡಕ್ಕೆ ಬನ್ನಿ ಅಂದಿದ್ರು. ಇವಳು ಬೇಡ ಅಂದ್ಲು. ಜನವರಿ ಎರಡು ಅಂದ್ರು, ಅದನ್ನೂ ಬೇಡ ಅಂದ್ಲು. ಈಗ ಇಪ್ಪತ್ತಮೂರು ಕೊಟ್ಟಿದ್ದಾರೆ. ತಡ ಮಾಡಿದಷ್ಟೂ ಒಂದೇ ಸಲಕ್ಕೆ ಆಗೋದು ಕಷ್ಟ ಅಂತಾರೆ. ಕೇಳಿದ್ರೆ, “ನಮ್ಮಪ್ಪ ಬೆರಳಲ್ಲಿ ಮಾಡಿದ್ದನ್ನ ನಾನು ಮಾಡಕ್ಕಾಗ್ದೆ ಮಗೂನ ಸೂಜಿಗೆ ಒಪ್ಪಿಸ್ಬೇಕಾ?” ಅಂತ ಅಳ್ತಾಳೆ. ನಾನೇನು ಹೇಳಿದ್ರೂ ನಡೆಯಲ್ಲ. ನೀವು ಒಂದು ಮಾತು ಹೇಳಿ ಮಾವ.


ಜನವರಿ ೬

ಮಗಳೇ,

ಈ ಕಾಗದವನ್ನು ಒಬ್ಬಳೇ ಕುಳಿತು ಓದು.

ನನಗೆ ‘ಟಕ್’ ಎನ್ನುವ ಮೊದಲು ಏನಾಗಿತ್ತೆಂದು ಕೇಳಿದ್ದೀಯೆ. ಏನೂ ಆಗಿರಲಿಲ್ಲ. ‘ಟಕ್’ ಎಂದೂ ಆಗಲಿಲ್ಲ. ಅದು ಮೊಳೆಯೊಂದು ಪಕ್ಕದ ಮೊಳೆಗೆ ತಾಗಿ ಕೂರುವಾಗ ಬರುವ ಸದ್ದು. ಕತೆಗೆ ಒಪ್ಪುತ್ತದೆಂದು ಸೇರಿಸಿಕೊಂಡೆ.

ನಾನು ಒತ್ತಿದ್ದು ನಿಜ, ತೆರೆದದ್ದು ಸುಳ್ಳು. ವರ್ಷ ಪೂರ್ತಿ ಒತ್ತಿದರೂ ನಿನ್ನ ಕಣ್ಣು ಸೋರುತ್ತಲೇ ಇತ್ತು. ಹದಿಮೂರನೆಯ ತಿಂಗಳಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಹಸಿರು ಬಣ್ಣದ ಬಾಗಿಲಿನ ಮುಂದೆ ಬೆಂಚಿನ ಮೇಲೆ ಕುಳಿತಿದ್ದೆವು. ದಾದಿ ಹೊರಗೆ ಬಂದು, “ಮಗು ತಂದೆ ಯಾರು? ಒಳಗೆ ಬಂದು ಕೈಕಾಲು ಹಿಡ್ಕೋಬೇಕು,” ಎಂದಳು. ನಾನು ಎದ್ದುನಿಂತು, “ಅಚ್ಚುಕೂಟದಲ್ಲಿ ಕರಡು ಕಾಯ್ತಿದೆ, ಐದು ನಿಮಿಷದಲ್ಲಿ ಬಂದುಬಿಡ್ತೀನಿ,” ಎಂದು ಹೇಳಿ ಹೊರಟೆ. ಯಾವ ಕರಡೂ ಕಾಯುತ್ತಿರಲಿಲ್ಲ. ರಸ್ತೆಯ ಆ ಬದಿಯಲ್ಲಿ ಒಂದು ಸೈಕಲ್ ಅಂಗಡಿಯಿತ್ತು. ಅಲ್ಲಿ ಒಬ್ಬಾತ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಅದನ್ನೇ ನೋಡುತ್ತ ನಿಂತೆ. ಮೂರು ಟ್ಯೂಬುಗಳಿಗೆ ತೇಪೆ ಹಾಕಿದ. ಮೂರನ್ನೂ ನೋಡಿದೆ.

ಮರಳಿ ಬಂದಾಗ ನಿನ್ನ ತಾಯಿ ಅದೇ ಬೆಂಚಿನ ಮೇಲೆ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಕುಳಿತಿದ್ದಳು. ನೀನು ನಿದ್ದೆ ಮಾಡುತ್ತಿದ್ದೆ. “ಆಯ್ತು, ನಡೀರಿ,” ಎಂದಳು. ವಾರದ ಮೇಲೆ ಪಕ್ಕದ ಮನೆಯವರು ಕಣ್ಣು ಹೇಗೆ ವಾಸಿಯಾಯಿತೆಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವಳೇ, “ಇವರು ಒತ್ತಿ ಒತ್ತಿ ಸರಿ ಮಾಡಿದ್ರು,” ಎಂದುಬಿಟ್ಟಳು. ನನ್ನ ಮುಖ ಉಳಿಸಲು ಆಡಿದ ಮಾತು ಅದು. ಮೊದಲ ಸುಳ್ಳು ಅವಳದು. ಮೂವತ್ತು ವರ್ಷದ ಸುಳ್ಳು ನನ್ನದು. ಕರಡಿನಲ್ಲಿ ಒಂದು ಚುಕ್ಕೆ ತಪ್ಪಿದರೂ ಬಿಡದ ನಾನು ಆ ವಾಕ್ಯವನ್ನು ಎಂದೂ ತಿದ್ದಲಿಲ್ಲ. ನಾನು ಈ ಕತೆಯನ್ನು ಆರಂಭಿಸಿದಾಗಲೆಲ್ಲ ಅವಳು ಹಾಲು ಉಕ್ಕೀತೆಂದು ಅಡುಗೆಮನೆಗೆ ಎದ್ದು ಹೋಗುತ್ತಿದ್ದುದು ನಿನಗೆ ನೆನಪಿರಬಹುದು. ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ.

ನೀನು ಕರೆದಾಗ ನಾನು ಬಾರದಿದ್ದುದಕ್ಕೂ ಪ್ರಶ್ನೆಪತ್ರಿಕೆಗಳು ಕಾರಣವಲ್ಲ. ಬೀಗಿತ್ತಿಯವರ ಮುಂದೆ ಯಾವ ಬೆರಳನ್ನು ತೋರಿಸಲಿ?

ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ, ಮಗಳೇ. ನಿನ್ನ ತಂದೆಯ ಕೈಯಲ್ಲಿ ಆಗದ್ದು ನಿನ್ನ ಕೈಯಲ್ಲಿಯೂ ಆಗಲಿಲ್ಲ, ಅಷ್ಟೇ. ನಿನ್ನ ಕಣ್ಣು ಬಿಡಿಸಿದ್ದು ಆ ಸಲಾಕೆಯೇ, ಮೂರು ಟ್ಯೂಬುಗಳಿಗೆ ತೇಪೆ ಹಾಕುವಷ್ಟು ಹೊತ್ತಿನಲ್ಲಿ. ಅದೇ ಕಣ್ಣಿನಿಂದ ನೀನು ಇದನ್ನು ಓದುತ್ತಿದ್ದೀಯೆ.

ಇಪ್ಪತ್ತಮೂರಕ್ಕೆ ಹೋಗಿ ಬಾ.

ನಿನ್ನ ತಂದೆ


ಜನವರಿ ೨೨

ಮಗಳೇ,

ಹದಿನಾರು ದಿನಗಳಾದವು. ನಿನಗೆ ಕೋಪ ಬಂದಿರುವುದು ನ್ಯಾಯವೇ. ಅದನ್ನು ನನ್ನ ಮೇಲೆ ಎಷ್ಟು ದಿನ ಬೇಕಾದರೂ ಇಟ್ಟುಕೋ. ನಾಳೆಯ ದಿನವನ್ನು ಮಾತ್ರ ತಪ್ಪಿಸಬೇಡ. ಈ ಕಾಗದ ನಾಳೆಯೊಳಗೆ ನಿನ್ನನ್ನು ತಲುಪುವುದಿಲ್ಲವೆಂದು ಬಲ್ಲೆ. ಆದರೂ ಬರೆಯದೆ ಕೂರಲಾಗಲಿಲ್ಲ.

ನಿನ್ನ ತಂದೆ


ಜನವರಿ ೨೭

ಅಪ್ಪ,

ಕೋಪ ಬಂದದ್ದು ನಿಜ. ಎರಡು ದಿನ ನಿಮ್ಮ ಮೇಲೆ, ಒಂದು ದಿನ ಅಮ್ಮನ ಮೇಲೆ. ಬೈಯಲು ಅಮ್ಮ ಈಗ ಇಲ್ಲವಾದ್ದರಿಂದ ಅವಳ ಪಾಲನ್ನೂ ನಿಮ್ಮ ಅಳಿಯಂದಿರೇ ಕೇಳಿಸಿಕೊಂಡರು. ನಾನು ನಿಮಗೆ ಎಂದೂ ತಿಳಿಸದ ತಾರೀಖು ನಿಮ್ಮ ಕಾಗದದಲ್ಲಿ ಇದ್ದುದರಿಂದ ಅವರ ಒಳಸಂಚೂ ಬಯಲಾಯಿತು. ಇನ್ನು ಮುಂದೆ ಲಕೋಟೆಗಳನ್ನು ನಾನೇ ಅಂಟಿಸುತ್ತೇನೆ.

ಅನಂತರ ಒಂದು ಮಧ್ಯಾಹ್ನ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು ಎಣಿಸತೊಡಗಿದವಳು ಐದಕ್ಕೆ ನಿಲ್ಲಿಸಿದೆ. ಕೈ ತೆಗೆದೆ. ಅವಳು ಉಳಿದ ಐದಕ್ಕಾಗಿ ಕಾದು ನೋಡಿ, ಬಾರದಿದ್ದಾಗ ನಕ್ಕಳು. ಒಂದು ವರ್ಷದಲ್ಲಿ ನಾನು ಅವಳ ಮುಖವನ್ನು ನೋಡಿದ್ದಕ್ಕಿಂತ ಆ ಮೂಲೆಯನ್ನು ನೋಡಿದ್ದೇ ಹೆಚ್ಚು ಎಂದು ಆಗ ಅನಿಸಿತು. ಆ ಸಂಜೆಯೇ ಇಪ್ಪತ್ತಮೂರಕ್ಕೆ ಬರುತ್ತೇವೆಂದು ಆಸ್ಪತ್ರೆಗೆ ತಿಳಿಸಿದೆ.

ಈಗ ಕೈಕಾಲು ಹಿಡಿದುಕೊಳ್ಳಬೇಕಾಗಿಲ್ಲ. ಮೂಗಿಗೆ ಬಟ್ಟಲಿನಂಥದೊಂದನ್ನು ಇಟ್ಟು ನಿದ್ದೆ ಬರಿಸುತ್ತಾರೆ. ನಿದ್ದೆ ಹತ್ತುವವರೆಗೆ ನಾನು ಎತ್ತಿಕೊಂಡಿದ್ದೆ. ಅವಳ ಕತ್ತು ನನ್ನ ತೋಳಿನ ಮೇಲೆ ಭಾರವಾದಾಗ ನನಗೂ ಓಡಿಹೋಗಬೇಕೆನಿಸಿತು, ಅಪ್ಪ. ನಾನು ನಿಮ್ಮ ಮಗಳೇ. ಆದರೆ ಆ ಆಸ್ಪತ್ರೆಯ ಎದುರಿಗೆ ಸೈಕಲ್ ಅಂಗಡಿಯಿರಲಿಲ್ಲ. ಹೊರಗೆ ಕುಳಿತು ನೆಲದ ಚೌಕಗಳನ್ನು ಎಣಿಸತೊಡಗಿದೆ. ಎರಡನೆಯ ಸಾಲು ಮುಗಿದಿರಲಿಲ್ಲ, ಬಾ ಎಂದು ಕರೆದರು. ನಿಮ್ಮ ಅಳಿಯಂದಿರು ಕುಡಿಯಬೇಕೆಂದು ತಂದಿದ್ದ ಟೀ ಇನ್ನೂ ಬಾಯಿ ಸುಡುತ್ತಿತ್ತು.

ಆ ದಿನ ಮೂಗಿನಲ್ಲಿ ತುಸು ಕೆಂಪು ಕಂಡಿತು, ಅಷ್ಟೇ. ನಿನ್ನೆ ಬೆಳಗ್ಗೆ ನಾನು ಹತ್ತಿಯನ್ನು ಅದ್ದಿಕೊಂಡು ತೊಟ್ಟಿಲಿನ ಬಳಿಗೆ ಹೋದರೆ, ಅವಳು ಆಗಲೇ ಎದ್ದು ಎರಡು ಕಣ್ಣುಗಳಿಂದಲೂ ನನ್ನನ್ನು ನೋಡುತ್ತಿದ್ದಳು. ಹತ್ತಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ನನ್ನ ಕಣ್ಣನ್ನೇ ಒರೆಸಿಕೊಂಡೆ.

ಒಂದು ಹೊಸ ವಿಶೇಷವಿದೆ. ಈಗ ಅತ್ತರೆ ಅವಳ ಮೂಗೂ ಸೋರುತ್ತದೆ. ಅತ್ತೆಯವರು ಗಾಬರಿಯಾಗಿ, “ಅಯ್ಯೋ, ನೆಗಡಿ ಹಿಡಿಸ್ಕೊಂಡು ಬಂದ್ರಾ?” ಎಂದರು. “ನೆಗಡಿ ಅಲ್ಲ ಅತ್ತೆ, ಕಣ್ಣೀರು. ದಾರಿ ಸಿಕ್ಕಿದೆ,” ಎಂದೆ. “ಹಂಗಾದ್ರೆ ಇನ್ನೊಂಚೂರು ಅಳ್ಲಿ ಬಿಡು,” ಎಂದು ಸೆರಗಿನಿಂದ ಮೂಗು ಒರೆಸಿದರು.

ನಿಮ್ಮ ಬೆರಳಿನ ವಿಚಾರವನ್ನು ಅವರಿಗೆ ಹೇಳಿಲ್ಲ. ಅದು ನಿಮಗೆ ಬಿಟ್ಟದ್ದು.

ನಿಮ್ಮ ಮಗಳು


ಫೆಬ್ರವರಿ ೪

ಮಗಳೇ,

ನಿನ್ನ ಕಾಗದವನ್ನು ಅಚ್ಚುಕೂಟದಲ್ಲಿಯೇ ಓದಿದೆ. ಓದಿ ಮುಗಿಸಿ, ಎಲ್ಲರನ್ನೂ ಕರೆದು, ಮೊಳೆಪೆಟ್ಟಿಗೆಯ ಮುಂದೆ ನಿಂತು, ಮೂವತ್ತು ವರ್ಷದ ಸುಳ್ಳನ್ನು ಒಪ್ಪಿಕೊಂಡೆ.

ರಟ್ಟುಮಾಮ ಅಂಟಿನ ಕುಂಚವನ್ನು ಕೆಳಗಿಡಲೂ ಇಲ್ಲ. “ಅಯ್ಯೋ, ಅದು ನಮಗೆಲ್ಲ ಆ ವಾರಾನೇ ಗೊತ್ತಿತ್ತು. ಅತ್ತಿಗೆ ನಮ್ಮನೆಗೆ ಬಂದು ಹೇಳ್ಕೊಂಡು ನಕ್ಕಿದ್ರು,” ಎಂದ.

“ಮತ್ತೆ ಇಷ್ಟು ವರ್ಷ ಬಾಯಿ ಮುಚ್ಕೊಂಡು ಯಾಕೋ ಕೇಳಿಸ್ಕೊಂಡೆ?” ಎಂದೆ.

“ಹೇಳೋ ಚಂದ ಹಾಗಿತ್ತು! ಅದೂ ಅಲ್ದೆ ಪ್ರತಿ ಸಲ ಒಂದೊಂದು ತಿಂಗಳು ಹಿಂದಕ್ಕೆ ಬರ್ತಿತ್ತು. ಮೊದ್ಲು ಹನ್ನೊಂದನೇ ತಿಂಗಳು ಅಂತಿದ್ರಿ, ಆಮೇಲೆ ಹತ್ತಾಯ್ತು, ಒಂಬತ್ತಾಯ್ತು, ಹೋದ ವರ್ಷ ಎಂಟಕ್ಕೆ ಬಂತು. ಹಿಂಗೇ ಬಿಟ್ಟಿದ್ರೆ ಮಗು ಹುಟ್ಟೋಕ್ ಮೊದ್ಲೇ ಬಿಡಿಸ್ತಿದ್ರಿ,” ಎಂದ. ಯಂತ್ರ ನಡೆಸುವವನು ಯಂತ್ರವನ್ನು ನಿಲ್ಲಿಸಿ ನಕ್ಕ. ನನಗೂ ನಗು ಬಂತು, ಮಗಳೇ. ಬಹಳ ಹೊತ್ತು ನಕ್ಕೆ.

ಹದಿನೈದು ದಿನಗಳ ರಜೆಗೆ ಬರೆದುಕೊಟ್ಟಿದ್ದೇನೆ. ಭಾನುವಾರದ ರೈಲಿಗೆ ಟಿಕೆಟ್ಟು ಸಿಕ್ಕಿದೆ, ಮಂಗಳವಾರ ಬೆಳಗ್ಗೆ ನಿಮ್ಮಲ್ಲಿರುತ್ತೇನೆ. ಮಗುವನ್ನು ಎತ್ತಿಕೊಂಡು ಓಡಾಡುವುದರ ಹೊರತು ಬೇರೆ ಯಾವ ವಿದ್ಯೆಯೂ ನನಗೆ ಬಾರದೆಂದು ಬೀಗಿತ್ತಿಯವರಿಗೆ ಮೊದಲೇ ತಿಳಿಸಿಬಿಡು.

ನಿನ್ನ ತಂದೆ